ಕ್ಯೂಆರ್ ಕೋಡ್ ಕಿತ್ತರೆ ಲೆಕ್ಕ ಮುಗಿಯದು

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಚಹಾದಂಗಡಿ, ಜ್ಯೂಸ್ ಅಂಗಡಿಗಳಲ್ಲಿ ಹೊಸ ಬೋರ್ಡ್ ಒಂದು ಬಂತು: 'ಫೋನ್ ಪೇ, ಗೂಗಲ್ ಪೇ ಇಲ್ಲ. ನಗದು ಮಾತ್ರ.' ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ ಸಮಯವದು. ಆರ್.ಟಿ. ನಗರದಿಂದ ಯಲಹಂಕದವರೆಗೆ ಜುಮಾ ಮುಗಿಸಿ ಹೊರಬಂದ ನಮ್ಮವರ ಬಾಯಲ್ಲಿ ಇದೇ ಮಾತು. ಊರಿಂದ ಬಂದು ಬಾಡಿಗೆ ಅಂಗಡಿಯಲ್ಲಿ ಬದುಕು ಕಟ್ಟಿದ ಬ್ಯಾರಿ ಕುಟುಂಬಗಳಿಗೆ ಇದು ದೂರದ ಸುದ್ದಿ ಆಗಿರಲಿಲ್ಲ. "ಉಸ್ತಾದರೇ, ಇದರಲ್ಲಿ ಏನುಂಟು ಅಂತ ಸ್ವಲ್ಪ ನೋಡಿ" ಎಂದು ನಮ್ಮ ಮದ್ರಸಕ್ಕೂ ಒಬ್ಬರು ಕಾಗದ ತಂದಿದ್ದರು.

ಈಗ ಆ ಬೋರ್ಡ್‌ಗಳು ಹೋಗಿವೆ, ಕೋಡ್ ಪುನಃ ಕೌಂಟರಿಗೆ ಬಂದಿದೆ. ಆದರೆ ಆಗಿದ್ದೇನು ಎಂದು ನಾವು ಸರಿಯಾಗಿ ತಿಳಿದುಕೊಂಡೆವಾ?

ಕಾನೂನು ಹೊಸತಲ್ಲ. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಹೋಟೆಲಿನಂಥ ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಲೇಬೇಕು. ಇದು ಲಾಭದ ಲೆಕ್ಕ ಅಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ಹಣದ ಲೆಕ್ಕ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11 ಸಾವಿರ. 20 ಲಕ್ಷ ಅಂದರೆ ದಿನಕ್ಕೆ ಐದೂವರೆ ಸಾವಿರ. ಮುಖ್ಯ ರಸ್ತೆಯ ಅಂಗಡಿಗೆ ಇದು ದೊಡ್ಡ ಮೊತ್ತವೇನೂ ಅಲ್ಲ. ಬಾಡಿಗೆ, ಹುಡುಗರ ಸಂಬಳ, ಹಾಲು-ಹಣ್ಣಿನ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಎಷ್ಟು ಅಂತ ಅಂಗಡಿಯವನಿಗೆ ಮಾತ್ರ ಗೊತ್ತು.

ಇಲಾಖೆ ನೋಡಿದ್ದು 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿಯನ್ನು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟುವಂತೆ ನೋಟಿಸ್ ಬಂದಾಗ ರಾಜ್ಯವೇ ಬೆಚ್ಚಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ರಾಜ್ಯದವರು ಕೇಂದ್ರದ ಕಡೆ, ಕೇಂದ್ರದವರು ರಾಜ್ಯದ ಕಡೆ ಬೆರಳು ತೋರಿಸಿದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಆಗಬೇಕು ಎಂದರು. 25ರ ಬಂದ್ ಕೈಬಿಡಲಾಯಿತು.

ಇಲ್ಲಿ ಸರಕಾರದ ತಪ್ಪು ಇಲ್ಲವೆಂದು ನಾವು ಹೇಳುವುದಿಲ್ಲ. ನಾಲ್ಕು ವರ್ಷದ ಲೆಕ್ಕವನ್ನು ಒಟ್ಟಿಗೆ ಮುಂದಿಡುವ ಮೊದಲು ಬೀದಿಗೆ ಬಂದು ತಿಳಿಹೇಳಬೇಕಿತ್ತು. ಆದರೆ ನಮ್ಮ ಕಡೆಯ ತಪ್ಪನ್ನೂ ನೋಡಬೇಕಲ್ಲ? ಅಂಗಡಿಯ ಕೋಡ್‌ಗೆ ಗಿರಾಕಿಯ ಹಣವೂ ಬರುತ್ತದೆ, ತಮ್ಮ ಕೊಟ್ಟ ಕೈಸಾಲವೂ ಬರುತ್ತದೆ, ಚೀಟಿ ಹಣವೂ ಬರುತ್ತದೆ, ಕೆಲವೊಮ್ಮೆ ಮಸೀದಿಯ ವಂತಿಗೆಯೂ ಬರುತ್ತದೆ. ನಾಳೆ ಅಧಿಕಾರಿ ಕೇಳಿದರೆ ಯಾವುದು ವ್ಯಾಪಾರದ್ದು, ಯಾವುದು ಮನೆಯದ್ದು ಎಂದು ತೋರಿಸಲು ಒಂದು ಪುಸ್ತಕವೂ ನಮ್ಮಲ್ಲಿ ಇಲ್ಲ. ಯಶವಂತಪುರದ ಎಪಿಎಂಸಿ ಯಾರ್ಡ್‌ನಿಂದ ಈರುಳ್ಳಿ ತಂದ ಬಿಲ್ಲು ಡ್ರಾಯರಿನಲ್ಲಿ ಒದ್ದೆಯಾಗಿ ಮುದ್ದೆಯಾಗಿರುತ್ತದೆ. ಬಾಯಿಮಾತಿನ ವ್ಯಾಪಾರದ ಕಾಲ ಮುಗಿಯಿತು. ನಾವು ಬರೆಯದಿದ್ದರೂ ಫೋನ್ ಬರೆಯುತ್ತಲೇ ಇದೆ.

ಇದರಲ್ಲಿ ಯುವಕರ ಪಾಲೂ ಇದೆ. ಪಿಯುಸಿ ಮುಗಿಸಿ ಊರಿಂದ ಬಂದ ಹುಡುಗ ಕೌಂಟರಿನಲ್ಲಿ ಕೂರುತ್ತಾನೆ. ಅಂಗಡಿಯನ್ನು ಗೂಗಲ್ ಮ್ಯಾಪ್‌ಗೆ ಹಾಕಿದ್ದು ಅವನು, ರೀಲ್ಸ್ ಮಾಡಿ ಗಿರಾಕಿ ತಂದದ್ದೂ ಅವನೇ. ಅದು ಒಳ್ಳೆಯದೇ. ಆದರೆ ಅದೇ ಫೋನಿನಲ್ಲಿ ರಾತ್ರಿ ಹಣ ಕಟ್ಟುವ ಗೇಮ್, ಅದೇ ಫೋನಿನಲ್ಲಿ ಲೋನ್ ಆ್ಯಪ್. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸಿ ಕಾನೂನು ಮಾಡಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಚಟ ಬಿಡುವುದಿಲ್ಲ.

ಇನ್ನೂ ದೊಡ್ಡ ಅಪಾಯ ಬೇರೆಯೇ ಇದೆ. "ನಿನ್ನ ಅಕೌಂಟ್ ಎರಡು ದಿನಕ್ಕೆ ಕೊಡು ಮಾರಾಯಾ, ಕಮಿಷನ್ ಕೊಡ್ತೇನೆ" ಎಂದು ಇನ್‌ಸ್ಟಾಗ್ರಾಂ, ಟೆಲಿಗ್ರಾಂನಲ್ಲಿ ಕೇಳುವವರಿದ್ದಾರೆ. ಯಾರೋ ವೃದ್ಧರನ್ನು ವಂಚಿಸಿ ದೋಚಿದ ಹಣ ಆ ಅಕೌಂಟ್ ದಾಟಿ ಹೋಗುತ್ತದೆ. ಕೊನೆಗೆ ಪೊಲೀಸರು ಹುಡುಕಿ ಬರುವುದು ಅಕೌಂಟ್ ಯಾರ ಹೆಸರಿನಲ್ಲಿದೆಯೋ ಅವನನ್ನು. ಅಕೌಂಟ್ ಫ್ರೀಜ್ ಆಗುತ್ತದೆ, ಊರಿನಲ್ಲಿ ಉಮ್ಮ ಬಾಪ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಆ ಕಮಿಷನ್ ಹರಾಮ್ ಎಂದು ಹುಡುಗನಿಗೆ ಮೊದಲೇ ಹೇಳಿದವರು ಯಾರು? ವಂಚನೆಗೆ ಒಳಗಾದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದು ಎಷ್ಟು ಮನೆಗಳಲ್ಲಿ ಗೊತ್ತಿದೆ?

ಇಲ್ಲಿ ನಾವು ಉಸ್ತಾದರು ಕೂಡ ಉತ್ತರ ಕೊಡಬೇಕು. ಪವಿತ್ರ ಕುರ್‌ಆನಿನ ಅತಿ ಉದ್ದದ ಆಯತ್ ಸೂರಃ ಅಲ್-ಬಕರದ 282ನೆಯದು. ಅದರ ವಿಷಯ ಸಾಲದ ವ್ಯವಹಾರ: ಬರೆದಿಡಿ, ಸಾಕ್ಷಿ ಇಡಿ, ಮೊತ್ತ ಸಣ್ಣದೆಂದು ಬರೆಯಲು ಉದಾಸೀನ ಮಾಡಬೇಡಿ ಎಂಬ ಆದೇಶ ಅದರಲ್ಲಿದೆ. ಅದನ್ನು ತಜ್‌ವೀದ್ ತಪ್ಪದೆ ಓದಲು ಮಕ್ಕಳಿಗೆ ಕಲಿಸಿದ್ದೇವೆ. ಅಂಗಡಿಯ ಪುಸ್ತಕ ಬರೆಯುವುದೂ ಇದೇ ಶಿಸ್ತಿನ ಭಾಗ ಎಂದು ಬಿಡಿಸಿ ಹೇಳಲಿಲ್ಲ. ಝಕಾತ್ ಕೊಡಲು ಕೂಡ ಲೆಕ್ಕ ಬೇಕಲ್ಲವೇ? ಅಂದಾಜಿನಲ್ಲಿ ಕೊಟ್ಟು ಸಮಾಧಾನ ಪಡುವವರೇ ನಮ್ಮಲ್ಲಿ ಹೆಚ್ಚು.

ಮಾಡಬೇಕಾದದ್ದು ಕಷ್ಟವೇನಲ್ಲ. ಅಂಗಡಿಗೆ ಒಂದು ಅಕೌಂಟ್, ಮನೆಗೆ ಇನ್ನೊಂದು. ಖರೀದಿಯ ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳಿ. ಹಸಿ ಮೀನು, ತರಕಾರಿ, ಹಾಲಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ತೆರಿಗೆ ಇರುವ ಸರಕೂ ಇದ್ದರೆ ಲೆಕ್ಕ ಬೇರೆ. 1.5 ಕೋಟಿಯವರೆಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್ ಸ್ಕೀಮ್ ಇದೆ: ಸರಕು ಮಾರುವವರಿಗೆ ವಹಿವಾಟಿನ ಶೇ. 1, ಹೋಟೆಲಿನವರಿಗೆ ಶೇ. 5. ಗಿರಾಕಿಯಿಂದ ಪ್ರತ್ಯೇಕ ತೆರಿಗೆ ವಸೂಲಿ ಮಾಡುವಂತಿಲ್ಲ. ತಮಗೆ ಯಾವುದು ಸರಿ ಎಂದು ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರ ಹತ್ತಿರ ಕೇಳಿ. ಅದಕ್ಕೆ ಕೊಡುವ ಫೀಸು ದಂಡಕ್ಕಿಂತ ಕಮ್ಮಿ.

ಬಾಪನಿಗೆ ವ್ಯಾಪಾರ ಗೊತ್ತು, ಫೋನ್ ಗೊತ್ತಿಲ್ಲ. ಮಗನಿಗೆ ಫೋನ್ ಗೊತ್ತು, ವ್ಯಾಪಾರ ಗೊತ್ತಿಲ್ಲ. ಇಶಾ ನಮಾಝ್ ಮುಗಿದ ಮೇಲೆ ಹದಿನೈದು ನಿಮಿಷ ಇಬ್ಬರೂ ಒಟ್ಟಿಗೆ ಕುಳಿತು ಆ ದಿನದ ಲೆಕ್ಕ ಬರೆದರೆ ಇಬ್ಬರೂ ಕಲಿಯುತ್ತಾರೆ. ಮಗನ ಫೋನಿನಲ್ಲಿ ಏನು ನಡೆಯುತ್ತಿದೆ ಎಂದು ಬಾಪನಿಗೂ ತಿಳಿಯುತ್ತದೆ. ಜಮಾಅತ್ ಕಮಿಟಿಗಳು ತಿಂಗಳಿಗೊಂದು ಭಾನುವಾರ ಮದ್ರಸದ ಕೋಣೆಯನ್ನು ಇಂಥ ತರಗತಿಗೆ ತೆರೆದಿಡಲಿ. ಬೆಂಚು ಇದೆ, ಕಪ್ಪುಹಲಗೆ ಇದೆ, ಬಾಡಿಗೆ ಕೊಡಬೇಕಾಗಿಲ್ಲ. ಅಲ್ಲಾಹು ನಮ್ಮ ವ್ಯಾಪಾರದಲ್ಲಿ ಬರಕತ್ ನೀಡಲಿ, ನಮ್ಮ ಮಕ್ಕಳನ್ನು ಕಾಪಾಡಲಿ.