ಬ್ರೇಕ್ ಹಿಡಿದರೂ ಹತ್ತದ ಕೆಂಪು ದೀಪ

ಹೊತ್ತು ಮುಳುಗಿದ ಮೇಲೆ ಗಂಗಾವತಿಯಿಂದ ಕನಕಗಿರಿ ಕಡೆಗೆ ಹೊರಡುವ ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತವರಿಗೆ ಈ ಅನುಭವ ಹೊಸದಲ್ಲ. ಡ್ರೈವರ್ ಧಡಕ್ಕನೆ ಬ್ರೇಕ್ ಒತ್ತುತ್ತಾನೆ. ನಿಂತವರೆಲ್ಲ ಮುಂದಿನವರ ಮೈಮೇಲೆ ಬೀಳುತ್ತಾರೆ, ಕಾಯಿಪಲ್ಲೆ ಚೀಲ ಸೀಟಿನ ಕೆಳಗೆ ಉರುಳುತ್ತದೆ. "ಏನ್ರೀ ಡ್ರೈವರ್ ಸಾಹೇಬ್ರ, ಮಂದಿ ತುಂಬೀರೋ, ಭತ್ತದ ಚೀಲ ತುಂಬೀರೋ?" ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ. ಡ್ರೈವರ್ ಮಾತಾಡದೆ ಮುಂದಕ್ಕೆ ಕೈ ತೋರಿಸುತ್ತಾನೆ. ಅಲ್ಲೊಂದು ಹಳೇ ಮೋಟಾರ್ ಸೈಕಲ್ಲು ನಿಂತಿರುತ್ತದೆ. ರಸ್ತೆಗೆ ಅಡ್ಡ ಬಂದ ಎಮ್ಮೆಯನ್ನು ನೋಡಿ ಸವಾರ ಬ್ರೇಕ್ ಹಿಡಿದಿದ್ದಾನೆ, ಅದರಲ್ಲಿ ಆತನ ತಪ್ಪಿಲ್ಲ. ಆದರೆ ಗಾಡಿಯ ಹಿಂದಿನ ಕೆಂಪು ದೀಪ ಹತ್ತಿಲ್ಲ.

ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ಹಳೆಯದು. ಕನಕಗಿರಿಯ ರಸ್ತೆಯಲ್ಲಿ ಸಂಜೆ ಏಳರ ಮೇಲೆ ಕಣ್ಣಿದ್ದರೂ ಏನು ಬಂತು? ಮುಂದಿನ ಗಾಡಿ ಓಡುತ್ತಿದೆಯೋ ನಿಲ್ಲುತ್ತಿದೆಯೋ ಎಂಬುದೇ ತಿಳಿಯುವುದಿಲ್ಲ. ತಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ 11 ಮೀಟರ್ ಸಾಗಿರುತ್ತದೆ. 60ರ ವೇಗವಾದರೆ ಹತ್ತಿರ ಹತ್ತಿರ 17 ಮೀಟರ್. ಹಿಂದೆ ಬರುವವನು ಕೆಂಪು ದೀಪ ಕಾಣದೆ ಒಂದೇ ಒಂದು ಸೆಕೆಂಡು ತಡ ಮಾಡಿದರೂ ಒಂದು ಬಸ್ಸಿನ ಉದ್ದದಷ್ಟು ಜಾಗ ಕೈಬಿಟ್ಟಂತೆ. ಬಸ್ಸಿನೊಳಗಿದ್ದವರಿಗೆ ಹಣೆಯ ಮೇಲೆ ಬುಗುಟೆ ಎದ್ದೀತು. ಬೈಕಿನ ಹಿಂದೆ ಕೂತ ಹೆಣ್ಣುಮಗಳಿಗೆ, ಆಕೆಯ ತೊಡೆಯ ಮೇಲಿನ ಕೂಸಿಗೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೀಪ ಇಲ್ಲದಿದ್ದರೆ ಕೈ ಸನ್ನೆ ಮಾಡಿದರಾಯಿತು ಎಂದು ವಾದಿಸುವವರೂ ಇದ್ದಾರೆ. ನಿಧಾನ ಮಾಡುವಾಗ ಬಲಗೈ ಹೊರಚಾಚಿ ಮೇಲೆ ಕೆಳಗೆ ಆಡಿಸಬೇಕೆಂದು ಲೈಸನ್ಸಿನ ಪರೀಕ್ಷೆಗೆ ಓದಿದ್ದು ಎಲ್ಲರಿಗೂ ನೆನಪಿರುತ್ತದೆ. ಆದರೆ ಮೋಟಾರ್ ಸೈಕಲ್ಲಿನಲ್ಲಿ ಎಕ್ಸಲೇಟರೂ ಮುಂದಿನ ಬ್ರೇಕೂ ಅದೇ ಬಲಗೈಯಲ್ಲಿವೆ. ಎಮ್ಮೆ ಅಡ್ಡ ಬಂದ ಹೊತ್ತಿನಲ್ಲಿ ಬ್ರೇಕ್ ಬಿಟ್ಟು ಸನ್ನೆ ಮಾಡುವ ಧೀರ ಯಾರಿದ್ದಾನೆ?

ಹಳೇ ಗಾಡಿ ಎಂದರೆ ಹೀಗಳೆಯಬೇಕಾದ್ದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಮಗನಂತೆ ಸಾಕಿಕೊಂಡು ಬಂದವರು ರಾಜ್ಯದ ತುಂಬ ಇದ್ದಾರೆ. ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಹೆಚ್ಚಿಗೆ ಕಾಣುವುದು ಹೀರೋ ಹೋಂಡಾ ಕಾಲದ ಗಾಡಿಗಳು. ಅಪ್ಪ ಹೊಡೆದದ್ದನ್ನು ಈಗ ಮಗ ಹೊಡೆಯುತ್ತಿದ್ದಾನೆ. ಎಂಜಿನ್ನಿಗೆ ಆಯಿಲ್ ಹಾಕಿಸುತ್ತಾರೆ, ಚೈನು ಬಿಗಿ ಮಾಡಿಸುತ್ತಾರೆ, ಟಾಕಿಗೆ ಹೊಸ ಬಣ್ಣ ಹೊಡೆಸಿ ದೇವರ ಹೆಸರು ಬರೆಸುತ್ತಾರೆ. ಹಿಂದಿನ ದೀಪ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ಓಡಿಸುವವನಿಗೆ ಅದು ಕಾಣುವುದೇ ಇಲ್ಲವಲ್ಲ! ಹೆಡ್‌ಲೈಟು ಹೋದರೆ ಆ ಸಂಜೆಯೇ ಅಂಗಡಿಗೆ ಓಡುವ ಮನುಷ್ಯ ಬ್ರೇಕ್ ಲೈಟು ಹೋಗಿ ಆರು ತಿಂಗಳಾದರೂ "ಹೌದೇನು? ಗೊತ್ತ ಆಗಿಲ್ಲ ಬಿಡ್ರಿ" ಎನ್ನುತ್ತಾನೆ.

ರಿಪೇರಿಗೆ ದೊಡ್ಡ ವಿದ್ಯೆ ಬೇಕಿಲ್ಲ. ಮೊದಲು ಬಲ್ಬು ಬಿಚ್ಚಿ ನೋಡಬೇಕು. ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ. ಸಣ್ಣದು ರಾತ್ರಿಯೆಲ್ಲ ಉರಿಯುವ ಹಿಂದಿನ ದೀಪದ್ದು, 5 ವಾಟ್. ದೊಡ್ಡದು ಬ್ರೇಕಿನದು, 12 ವೋಲ್ಟಿನ ಗಾಡಿಗಳಲ್ಲಿ ಸಾಮಾನ್ಯವಾಗಿ 21 ವಾಟ್. ಸಣ್ಣದು ಉರಿಯುತ್ತಿದ್ದರೆ ಬಲ್ಬು ಸರಿ ಇದೆ ಎಂದು ಮಂದಿ ತಿಳಿಯುತ್ತಾರೆ, ಮೋಸ ಹೋಗುವುದು ಇಲ್ಲಿಯೇ. ದೊಡ್ಡ ತಂತಿ ಕಡಿದು ಎಷ್ಟೋ ದಿನ ಆಗಿರುತ್ತದೆ. ಬಲ್ಬಿನ ಬುಡದ ಎರಡು ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುವುದು ಸುಮ್ಮನೆ ಅಲ್ಲ, ಉಲ್ಟಾ ಕೂರಬಾರದೆಂದು. ಸವೆದ ಹೋಲ್ಡರಿನಲ್ಲಿ ಒತ್ತಿ ತಿರುವಿ ಉಲ್ಟಾ ಕೂರಿಸಿದರೆ ರಾತ್ರಿಯೆಲ್ಲ ಬ್ರೇಕಿನ ತಂತಿ ಉರಿಯುತ್ತದೆ, ಬ್ರೇಕ್ ಒತ್ತಿದಾಗ ಸಣ್ಣದು ಮಿಣುಕುತ್ತದೆ. ಇನ್ನು ಹಳೇ ಜಾವಾದಂಥ 6 ವೋಲ್ಟಿನ ಗಾಡಿಗೆ 12 ವೋಲ್ಟಿನ ಬಲ್ಬು ಹಾಕಿ "ಯಾಕೋ ಮಂದ ಐತಿ" ಎಂದು ತಲೆ ಕೆರೆದುಕೊಳ್ಳುವವರ ಕಥೆ ಬೇರೆ. ಬಲ್ಬಿನ ಬೆಲೆ ಗಂಗಾವತಿಯ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿಗಿಂತ ಬಹಳ ಹೆಚ್ಚೇನೂ ಅಲ್ಲ.

ಬಲ್ಬು ಸರಿ ಇದ್ದು ದೀಪ ಹತ್ತದಿದ್ದರೆ ಹಾರ್ನ್ ಒತ್ತಿ ಕೇಳಬೇಕು. ಬಹಳಷ್ಟು ಗಾಡಿಗಳಲ್ಲಿ ಹಾರ್ನಿಗೂ ಬ್ರೇಕ್ ಲೈಟಿಗೂ ಕರೆಂಟು ಬರುವುದು ಬ್ಯಾಟರಿಯಿಂದ. ಹಾರ್ನ್ ಸಹ ನೆಗಡಿ ಬಂದವರಂತೆ ಗೊರಗುಟ್ಟಿದರೆ ರೋಗ ಬ್ಯಾಟರಿಯದು ಇಲ್ಲವೆ ಫ್ಯೂಜಿನದು. ಕಿಕ್ ಹೊಡೆದರೆ ಗಾಡಿ ಚಾಲೂ ಆಗುತ್ತದಲ್ಲ ಎಂದು ಸತ್ತ ಬ್ಯಾಟರಿಯನ್ನೇ ಹೊತ್ತು ತಿರುಗುವವರು ಬೇಕಾದಷ್ಟಿದ್ದಾರೆ.

ಹಾರ್ನ್ ಗಟ್ಟಿಯಾಗಿದ್ದರೆ ಸ್ವಿಚ್ ನೋಡುವ ಸರದಿ. ಕಾಲಿನ ಬ್ರೇಕ್ ಪೆಡಲಿಗೆ ಒಂದು ಸಣ್ಣ ಸ್ಪ್ರಿಂಗು, ಅದಕ್ಕೊಂದು ಎಳೆಯುವ ಸ್ವಿಚ್ಚು ಇರುತ್ತದೆ. ಎರೆಭೂಮಿಯ ಕೆಸರು, ಮುರಮ್ಮಿನ ಧೂಳು ಮೊದಲು ಮೆತ್ತುವುದೇ ಇದಕ್ಕೆ. ಸ್ಪ್ರಿಂಗು ಜಗ್ಗಿ ಸಡಿಲಾಗಿರುತ್ತದೆ, ತುಂಡಾಗಿರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ. ಸ್ವಿಚ್ಚಿಗೆ ಬರುವ ಎರಡು ವೈರು ಬಿಚ್ಚಿ, ಚಾವಿ ಆನ್ ಮಾಡಿ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ದೀಪ ಹತ್ತಿತೆಂದರೆ ಕೆಟ್ಟದ್ದು ಸ್ವಿಚ್ಚು, ಬೇರೇನೂ ಅಲ್ಲ. ಕೆಲವು ಹಳೇ ಗಾಡಿಗಳಲ್ಲಿ ಎಂಜಿನ್ ಚಾಲೂ ಇದ್ದಾಗ ಮಾತ್ರ ಈ ದೀಪ ಹತ್ತುತ್ತದೆ ಎಂಬುದನ್ನು ಮರೆತು ವೈರೆಲ್ಲ ಕಿತ್ತು ಹಾಕಬಾರದು.

ಆಗಲೂ ಹತ್ತದಿದ್ದರೆ? ಮಿಸ್ತ್ರಿಗಳಿಗೂ ಬೆವರಿಳಿಸುವುದು ಅರ್ಥಿಂಗ್. ಹಿಂದಿನ ದೀಪದ ಕರೆಂಟು ಮಡ್‌ಗಾರ್ಡು, ಬೋಲ್ಟು, ಚಾಸಿಯ ಮೂಲಕ ವಾಪಸು ಹೋಗಬೇಕು. ಬೋಲ್ಟಿಗೆ ಜಂಗು ಹಿಡಿದಿದ್ದರೆ ಅಥವಾ ಮಡ್‌ಗಾರ್ಡಿಗೆ ದಪ್ಪಗೆ ಬಣ್ಣ ಬಳಿದಿದ್ದರೆ ದಾರಿ ಬಂದಾಯಿತು. ಬ್ರೇಕ್ ಒತ್ತಿದಾಗ ಉರಿಯುತ್ತಿದ್ದ ಹಿಂದಿನ ದೀಪವೇ ಮಂಕಾದರೆ, ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಜೊತೆಗೆ ಕಣ್ಣು ಹೊಡೆದರೆ, ಅನುಮಾನವೇ ಬೇಡ, ಅರ್ಥಿಂಗ್ ಹೋಗಿದೆ. ಒಂದು ಉದ್ದ ವೈರಿನ ಒಂದು ತುದಿ ಎಂಜಿನ್ನಿನ ಬೋಲ್ಟಿಗೆ, ಇನ್ನೊಂದು ತುದಿ ಬಲ್ಬ್ ಹೋಲ್ಡರಿನ ತಗಡಿಗೆ ಹಿಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಪಾಲಿಶ್ ಪೇಪರಿನಿಂದ ಉಜ್ಜಿ ಬೋಲ್ಟು ಬಿಗಿದರೆ ಕೆಲಸ ಮುಗಿಯಿತು. ಇಷ್ಟಕ್ಕೆ ಹೊಸ ವೈರಿಂಗ್ ಸೆಟ್ ಹಾಕಿಸಿ ನೂರಾರು ರೂಪಾಯಿ ಕಳೆದುಕೊಂಡವರೂ ಇದ್ದಾರೆ. ಅಂದ ಹಾಗೆ, ಎಡದಂಡೆ ಕಾಲುವೆಗೆ ಗಾಡಿ ಇಳಿಸಿ ತೊಳೆಯುವ ರೂಢಿಯೂ ಈ ಜಂಗಿಗೆ ಒಂದು ಕಾರಣ. ಕೆಂಪು ಗಾಜಿನ ಹಿಂದಿನ ರಬ್ಬರ್ ಹರಿದಿದ್ದರೆ ನೀರು ನೇರ ಹೋಲ್ಡರಿಗೇ ಇಳಿಯುತ್ತದೆ.

ದೀಪ ಹತ್ತದಿರುವುದು ಒಂದು ರೋಗವಾದರೆ ಸದಾ ಹತ್ತಿಕೊಂಡೇ ಇರುವುದು ಇನ್ನೊಂದು. ಸ್ವಿಚ್ಚಿನ ನಟ್ಟು ಅತಿ ಬಿಗಿಯಾಗಿದ್ದರೆ ಪೆಡಲು ಮುಟ್ಟುವ ಮೊದಲೇ ಕೆಂಪು ಉರಿಯುತ್ತದೆ. ಚೈನು ಬಿಗಿ ಮಾಡಿ, ಬ್ರೇಕಿನ ನಟ್ಟು ತಿರುವಿ, ಸ್ವಿಚ್ಚನ್ನು ಹಾಗೇ ಬಿಟ್ಟು ಕಳಿಸುವ ಗ್ಯಾರೇಜುಗಳಿಂದ ಇಂಥ ಗಾಡಿಗಳು ಹೊರಬೀಳುತ್ತವೆ. ನಾಲ್ಕು ಊರು ದಾಟುವವರೆಗೂ ಕೆಂಪು ಉರಿಸುತ್ತ ಹೋಗುವವನು ನಿಜವಾಗಿ ಬ್ರೇಕ್ ಹಿಡಿದಾಗ ನಂಬುವವರು ಯಾರು? ಬ್ರೇಕ್ ಕಚ್ಚುವುದಕ್ಕೆ ಒಂದು ಗಳಿಗೆ ಮೊದಲು ದೀಪ ಹತ್ತಬೇಕು, ಅಷ್ಟೇ ಲೆಕ್ಕ. ಜೊತೆಗೆ, ಹಳೆಯ ಗಾಡಿಗಳು ಅನೇಕದರಲ್ಲಿ ಸ್ವಿಚ್ಚಿರುವುದು ಕಾಲಿನ ಬ್ರೇಕಿಗೆ ಮಾತ್ರ. ಕೈ ಬ್ರೇಕನ್ನಷ್ಟೇ ಹಿಡಿಯುವ ರೂಢಿ ಇದ್ದವನ ಗಾಡಿಯಲ್ಲಿ ಎಲ್ಲ ಸರಿ ಇದ್ದರೂ ಹಿಂದಿನವನಿಗೆ ಏನೂ ಕಾಣದು.

ಅಂಗಡಿಕಾರರ ಕಡೆಗೂ ಒಂದು ಮಾತು ಹೇಳಲೇಬೇಕಾಗಿದೆ. ಗಂಗಾವತಿಯಲ್ಲಿ ಮಾಲು ಕಟ್ಟಿಸಿಕೊಂಡು ಸಂಜೆ ಊರಿಗೆ ಮರಳುವ ಕಿರಾಣಿ ವ್ಯಾಪಾರಿಯ ಬೈಕಿನ ಹಿಂದೆ ಸಕ್ಕರೆ ಚೀಲ, ಅದರ ಮೇಲೆ ಬಿಸ್ಕೀಟಿನ ಡಬ್ಬ, ಇಬ್ಬದಿಗೆ ಎಣ್ಣೆ ಡಬ್ಬಿ. ದೀಪ ಉರಿದರೂ ಅದು ಚೀಲಕ್ಕೆ ಮಾತ್ರ ಬೆಳಕು! ರೈತರ ಹುಲ್ಲಿನ ಹೊರೆ, ಹಾಲಿನವರ ಕ್ಯಾನು ಎಲ್ಲ ಇದೇ ಸಾಲಿಗೆ ಸೇರಿದವು. ಹೊರೆ ನಾಲ್ಕು ಬೆರಳು ಮೇಲೆ ಕಟ್ಟಿದರೆ ಹೋಗುವ ಗಂಟೇನು?

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬ್ರೇಕ್ ದೀಪದ ಮಾತು ಬಂದೇ ಇದೆ. 15 ವರ್ಷ ಮುಗಿದ ಬೈಕಿನ ನೋಂದಣಿಯನ್ನು ಗಾಡಿ ತೋರಿಸಿಯೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆದರೆ ರಸ್ತೆಯ ಮೇಲಿನ ತಪಾಸಣೆ ಎಂದರೆ ಹೆಲ್ಮೆಟ್ಟು, ಲೈಸನ್ಸು, ಇನ್ಶೂರೆನ್ಸು ಎಂಬುದೇ ಎಲ್ಲೆಡೆಯ ಪರಿಪಾಠ. ಹೆಲ್ಮೆಟ್ ಬೇಕು, ಬೇಡವೆಂದು ಯಾರು ಹೇಳಿದರು? ಗಾಡಿ ಹೇಗೂ ನಿಲ್ಲಿಸಿದ ಮೇಲೆ "ಒಮ್ಮೆ ಬ್ರೇಕ್ ಒತ್ತಪಾ" ಎನ್ನುವುದಕ್ಕೆ ಎಷ್ಟು ಹೊತ್ತು ಹಿಡಿದೀತು? ದಂಡದ ಚೀಟಿ ಹರಿಯುವ ಬದಲು ಮೊದಲ ಸಲ ಎದುರಿನ ಗ್ಯಾರೇಜಿಗೆ ಕಳಿಸಿ ಬಲ್ಬು ಹಾಕಿಸಿಕೊಂಡು ಬರಲು ಹೇಳಿದರೆ ಮಂದಿಯೂ ಬೈಯುವುದಿಲ್ಲ. ಫಾಲ್ಗುಣದಲ್ಲಿ ಕನಕಾಚಲಪತಿಯ ಜಾತ್ರೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಹುಣ್ಣಿಮೆಗೆ ಹುಲಿಗಿಯ ದಾರಿ, ಒಂದೊಂದು ಗಾಡಿಯ ಮೇಲೆ ಮೂವರು. ತಪಾಸಣೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರಿಲ್ಲ. ಕುಷ್ಟಗಿಯ 50ನೇ ಹೆದ್ದಾರಿ, ಕೊಪ್ಪಳದ 67ನೇ ಹೆದ್ದಾರಿಗಳ ಮೇಲೆ ಲಾರಿಗಳ ಓಟ ಹಗಲು ರಾತ್ರಿ ನಿಂತದ್ದೇ ಇಲ್ಲ ಎಂಬುದೂ ಅಧಿಕಾರಿಗಳಿಗೆ ಗೊತ್ತಿದ್ದ ಮಾತೇ.

ಅಲ್ಲಿಯವರೆಗೆ ಅಂಗಡಿಕಾರರು ಮಾಡಬಹುದಾದದ್ದು ಒಂದಿದೆ. ರಾತ್ರಿ ಅಂಗಡಿಯ ಶಟರ್ ಎಳೆದ ಮೇಲೆ ಗಾಡಿಯ ಹಿಂಬದಿಯನ್ನು ಶಟರಿಗೆ ಮಾಡಿ ನಿಲ್ಲಿಸಿ, ಚಾಲೂ ಮಾಡಿ, ಕಾಲಿನ ಬ್ರೇಕ್ ಒತ್ತಿ ಹೊರಳಿ ನೋಡಬೇಕು. ಆಮೇಲೆ ಕೈ ಬ್ರೇಕ್ ಹಿಡಿದು ಇನ್ನೊಮ್ಮೆ. ತಗಡಿನ ಮೇಲೆ ಕೆಂಪು ಬಿದ್ದರೆ ಮನೆಗೆ ಹೋಗಬಹುದು. ಬೀಳದಿದ್ದರೆ ಬಸ್ ಸ್ಟ್ಯಾಂಡಿನ ಹತ್ತಿರ ಬಿಡಿಭಾಗದ ಅಂಗಡಿ ಇನ್ನೂ ಮುಚ್ಚಿರಲಿಕ್ಕಿಲ್ಲ.