ನಿಂತ ಪ್ರೊಪೆಲ್ಲರ್ ಕೂಡ ಸಾಯುತ್ತದೆ

ಕಾರ್ಗಲ್ಲಿನವರಿಗೆ ತಿರುಗುವ ಚಕ್ರದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಕೊಳವೆಯಲ್ಲಿಳಿದು ಪವರ್ ಹೌಸಿನ ಚಕ್ರಕ್ಕೆ ಬಡಿದರೆ ರಾಜ್ಯಕ್ಕೆ ಬೆಳಕು. ಆ ಚಕ್ರದಲ್ಲಿ ಬಿರುಕು ಕಂಡರೆ ಯೂನಿಟ್ ನಿಲ್ಲಿಸಿ ನೋಡಲೇಬೇಕು. ಇದು ಇಲ್ಲಿ ಟೀ ಅಂಗಡಿಯ ಮಾತು.

ಇಷ್ಟು ಬುದ್ಧಿ ವಿಧಾನಸೌಧಕ್ಕೆ ಯಾಕೆ ಹತ್ತಲಿಲ್ಲ?

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಮೈಸೂರು ಸಂಸ್ಥಾನದ ಕಾಲದ ಕನಸು ಅದು. ಈಗ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿದೆ. ಅಲ್ಲಿ ವರ್ಷಗಟ್ಟಲೆ ಹಾರಾಟ ನಿಂತುಹೋಗಿತ್ತು. ದುಡ್ಡು ಕಟ್ಟಿದ ಮಕ್ಕಳು ಕಾದು ಕಾದು ಸುಸ್ತಾದರು. ವಿಮಾನಗಳು ಶೆಡ್ಡಿನಲ್ಲಿ ಧೂಳು ತಿಂದವು. 1951ರಲ್ಲಿ ಎಚ್‌ಎಎಲ್ ತಾನೇ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನವನ್ನು ಹಾರಿಸಿದ ಊರಿನಲ್ಲಿ! ನಾಚಿಕೆ ಬೇಡವೇ?

'ನಿಂತಿದ್ದರೆ ಏನಂತೆ, ಸವೆಯಲಿಲ್ಲವಲ್ಲ' ಅನ್ನುವವರಿದ್ದಾರೆ. ಸುಳ್ಳು. ಹಸಿ ಸುಳ್ಳು.

ಸಣ್ಣ ವಿಮಾನದ ಪ್ರೊಪೆಲ್ಲರಿಗೆ ಎರಡು ಗಡುವು. ತಯಾರಕರು ಸಾಮಾನ್ಯವಾಗಿ ಹೇಳುವುದು 2000ದಿಂದ 2400 ಗಂಟೆಯ ಹಾರಾಟ, ಇಲ್ಲವೇ ಐದಾರು ವರ್ಷ. ಯಾವುದು ಮೊದಲು ಬರುತ್ತದೋ ಅದು. ವಿಮಾನ ಒಂದು ಗಂಟೆಯೂ ಹಾರದಿರಲಿ, ಕ್ಯಾಲೆಂಡರ್ ಹಾಳೆ ಮಗುಚುತ್ತಲೇ ಇರುತ್ತದೆ. ಗಡುವು ಮುಗಿದರೆ ಬಿಚ್ಚಬೇಕು.

ಯಾಕೆ? ಅಡಿಕೆ ತೋಟದವರನ್ನು ಕೇಳಿ. ಕೊಳೆ ಔಷಧಿ ಹೊಡೆದ ಪಂಪನ್ನು ತೊಳೆಯದೆ ಮೂಲೆಗೆ ಎಸೆದರೆ ಮುಂದಿನ ಮಳೆಗಾಲಕ್ಕೆ ಅದು ಕೈಗೆ ಬರುವುದೇ? ಇದೂ ಹಾಗೆಯೇ. ತೇವ ಒಳಗೆ ಹೊಗುತ್ತದೆ. ಗ್ರೀಸು ಕೆಡುತ್ತದೆ. ಸೀಲು ಒಣಗಿ ಬಿರಿಯುತ್ತದೆ. ಬಣ್ಣದ ಅಡಿಯಲ್ಲಿ ಅಲ್ಯೂಮಿನಿಯಂ ಅಲಗು ಬಿಳಿ ಪುಡಿಯಾಗಿ ಉದುರುತ್ತದೆ. ಆ ಪುಡಿ ಒರೆಸಿ ನೋಡಿ: ಸೂಜಿಮೊನೆಯಷ್ಟು ಗುಳಿ. ಬಿರುಕು ಹುಟ್ಟುವುದು ಅಂಥ ಗುಳಿಯಲ್ಲೇ. ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ ಅಲಗಿನ ಬುಡವನ್ನು ಟನ್‌ಗಟ್ಟಲೆ ಬಲ ಹೊರಕ್ಕೆ ಜಗ್ಗುತ್ತದೆ. ಅಲಗಿನ ತುದಿ ಮುರಿದು ಹಾರಿದರೆ ಸಮತೋಲ ತಪ್ಪಿದ ಇಂಜಿನ್ ಕಿತ್ತು ಬರಬಹುದು. ಕೂತವನು ಇಪ್ಪತ್ತು ವರ್ಷದ ಹುಡುಗ.

ಸಮಯಕ್ಕೆ ಬಿಚ್ಚಿದರೆ ಗುಳಿಯನ್ನು ತೆಳುವಾಗಿ ಉಜ್ಜಿ ತೆಗೆಯುತ್ತಾರೆ. ಬಿರುಕು ಪರೀಕ್ಷಿಸುತ್ತಾರೆ. ಹೊಸ ಸೀಲು, ಹೊಸ ಬಣ್ಣ, ತೂಕದ ಹೊಂದಾಣಿಕೆ. ಆಯಿತು. ತಡವಾದರೆ? ಗುಳಿ ಆಳವಾದಷ್ಟೂ ಹೆಚ್ಚು ಉಜ್ಜಬೇಕು. ಅಲಗಿಗೆ ಇಷ್ಟೇ ದಪ್ಪ ಇರಬೇಕೆಂಬ ಮಿತಿ ಇದೆ. ಅದರ ಕೆಳಗೆ ಹೋದರೆ ಗುಜರಿ. ರಿಪೇರಿ ಖರ್ಚಿನ ಹಲವು ಪಟ್ಟು ತೆತ್ತು ಹೊಸದು ತರಬೇಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡವರು ಯಾರು? ಕಡತವನ್ನು ಮೇಜಿನಿಂದ ಮೇಜಿಗೆ ತಳ್ಳಿದವರು. ಟೆಂಡರನ್ನು ಮುಂದಿನ ಬಜೆಟ್ಟಿಗೆ ದೂಡಿದವರು. ಅವರ ಸಂಬಳದಲ್ಲಿ ಒಂದು ರೂಪಾಯಿ ಕಡಿತವಾಯಿತೇ?

ದಂಡ ಕಟ್ಟಿದವರು ಬೇರೆ. ಕಮರ್ಷಿಯಲ್ ಪೈಲಟ್ ಆಗಲು 200 ಗಂಟೆ ಹಾರಾಟ ಬೇಕು. ದುಡ್ಡಿದ್ದವರ ಮಕ್ಕಳು ಖಾಸಗಿ ಶಾಲೆಗೆ ಹೋದರು, ಅಮೆರಿಕಕ್ಕೂ ಹೋದರು. ಇಲ್ಲದವರು ಎಲ್ಲಿಗೆ ಹೋಗಬೇಕು? 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಸಿದಾಗ ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿಗೆ ಬಿಟ್ಟು ಎದ್ದು ಬಂದವರು ನಮ್ಮ ಹಿರಿಯರು. ಆ ಕರೆಂಟಿನಲ್ಲಿ ಬೆಂಗಳೂರು ಬೆಳಗಿತು. ಅವರ ಮೊಮ್ಮಗಳಿಗೆ ಆಕಾಶ ಕಾಣಿಸಬಹುದಾಗಿದ್ದ ರಾಜ್ಯ ಸರ್ಕಾರದ ಬಾಗಿಲು ಅದೊಂದೇ. ಅದಕ್ಕೂ ತುಕ್ಕು ಹಿಡಿಸಿದಿರಿ.

2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಕಾಂಕ್ರೀಟಿಗೆ ದುಡ್ಡು ಇದೆ, ಗ್ರೀಸಿಗೆ ಇಲ್ಲವೇ? ಕಟ್ಟುವುದಕ್ಕೆ ಫಲಕ ಹಾಕುತ್ತೀರಿ. ಕಾಪಾಡುವುದಕ್ಕೆ ಫಲಕ ಇಲ್ಲ ಅಂತಲೇ ಕಾಪಾಡುವುದಿಲ್ಲವೇ?

ನಾವೂ ಸುಮ್ಮನಿದ್ದೆವು. ಅದೂ ತಪ್ಪೇ.

ಇಲಾಖೆಯವರು ತಾವಾಗಿ ಹೇಳುವುದಿಲ್ಲ. ಕೇಳಿ. ಜಕ್ಕೂರು ಶಾಲೆಯ ಪ್ರತಿ ವಿಮಾನದ ಪ್ರೊಪೆಲ್ಲರ್ ಕೊನೆಯ ಸಲ ಬಿಚ್ಚಿದ್ದು ಯಾವ ದಿನ, ಮುಂದಿನ ಗಡುವು ಯಾವ ದಿನ, ತಡವಾಗಿದ್ದರೆ ಸಹಿ ಯಾರದ್ದು? ಮಾಹಿತಿ ಹಕ್ಕಿನ ಅರ್ಜಿ ಬರೆದು ಇಲಾಖೆಗೆ ಕಳಿಸಿ. ಶುಲ್ಕ ಹತ್ತು ರೂಪಾಯಿ.