ಕಪಾಟಿನಲ್ಲಿರುವ ಸಿಡಿಯನ್ನು ಒಮ್ಮೆ ತೆರೆದು ನೋಡೋಣ

ನಮ್ಮ ಮನೆಗಳಲ್ಲಿ ಹಿರಿಯರ ಫೋಟೋ ಕಡಿಮೆ. ಹಿಂದಿನ ತಲೆಮಾರಿನವರು ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದರು. ಪಾಸ್‌ಪೋರ್ಟಿಗೆಂದು ಒಂದು, ಹಜ್ಜಿಗೆ ಹೊರಟಾಗ ಒಂದು, ಮತದಾರರ ಚೀಟಿಗೆ ಒಂದು. ಅದರಲ್ಲೂ ಕಣ್ಣು ಅಗಲ ಮಾಡಿ, ತುಟಿ ಬಿಗಿದು ಕೂತಿರುತ್ತಾರೆ. ನಮ್ಮ ಉಪ್ಪನದ್ದೂ ಅಂಥದ್ದೇ ಎರಡು ಫೋಟೋ ಇತ್ತು. ಅದನ್ನು ನೋಡಿದ ಮೊಮ್ಮಕ್ಕಳು, "ಅಜ್ಜ ಯಾವಾಗಲೂ ಸಿಟ್ಟಿನಲ್ಲೇ ಇರುತ್ತಿದ್ದರಾ?" ಎಂದು ಕೇಳುತ್ತಿದ್ದರು. ಅಲ್ಲ ಮಕ್ಕಳೇ, ಅವರು ತುಂಬಾ ನಗುವ ಮನುಷ್ಯ ಎಂದು ನಾವು ಹೇಳಿದರೆ ನಂಬುವವರು ಯಾರು?

ನಗುವ ಫೋಟೋ ಒಂದಿತ್ತು. ಅದು ನಮಗೆ ಗೊತ್ತಿತ್ತು. 1996ರ ಬೇಸಿಗೆ ರಜೆಯಲ್ಲಿ ಗಲ್ಫ್‌ನಿಂದ ಭಾವ ಬಂದಿದ್ದರು, ಜೊತೆಗೆ ಹೊಸ ಕ್ಯಾಮೆರಾ. ಆಗ ನಮ್ಮ ಸಂಸಾರ ತುಮಕೂರಿನಲ್ಲಿತ್ತು. ಉಪ್ಪನಿಗೆ ಅಲ್ಲಿ ಸಣ್ಣ ವ್ಯಾಪಾರ. ಒಂದು ಬಾಡಿಗೆ ವ್ಯಾನ್ ಮಾಡಿಕೊಂಡು, ಬಿರಿಯಾನಿ ಪಾತ್ರೆ ಕಟ್ಟಿಕೊಂಡು ಎಲ್ಲರೂ ದೇವರಾಯನದುರ್ಗಕ್ಕೆ ಹೋದೆವು. ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಚೀಚೆ ಅಷ್ಟೇ. ಮೊದಲು ಕಾಡಿನೊಳಗಿನ ನಾಮದ ಚಿಲುಮೆಯಲ್ಲಿ ಇಳಿದು ಬಂಡೆಯಿಂದ ಉಕ್ಕುವ ನೀರು ನೋಡಿದೆವು. ಆಮೇಲೆ ಬೆಟ್ಟದ ಮೇಲೆ ಹೋಗಿ ಒಂದು ಬಂಡೆಯಲ್ಲಿ ಕೂತೆವು. ಕೆಳಗೆ ಕಾಣುವ ಬಯಲು, ಕೆರೆಗಳು, ತಂಪು ಗಾಳಿ. ಅಲ್ಲಿ ಉಪ್ಪ ಯಾವುದಕ್ಕೋ ಜೋರಾಗಿ ನಕ್ಕರು, ಭಾವ ಕ್ಯಾಮೆರಾ ಒತ್ತಿದರು.

ರೀಲು ಭಾವನ ಜೊತೆ ಗಲ್ಫಿಗೆ ಹೋಯಿತು. ಅಲ್ಲಿನ ಸ್ಟುಡಿಯೋದವರು ಫೋಟೋಗಳನ್ನು ಸಿಡಿಗೆ ಹಾಕಿ ಕೊಟ್ಟರು. ಚಿನ್ನದ ಬಣ್ಣದ ಸಿಡಿ. "ಇದು ನೂರು ವರ್ಷ ಇರುತ್ತದೆ, ಪ್ರಿಂಟ್ ಯಾಕೆ?" ಎಂದು ಭಾವ ಕಳಿಸಿಕೊಟ್ಟರು. ನಮ್ಮ ಮನೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಉಮ್ಮ ಅದನ್ನು ಸೀರೆಗಳ ನಡುವೆ ಜೋಪಾನವಾಗಿ ಇಟ್ಟರು. ಮನೆ ಬದಲಾಯಿಸುವಾಗ ನೆಗೆಟಿವ್ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಉಪ್ಪನೂ ಹೋದರು. ಸಿಡಿ ಉಳಿಯಿತು.

ಈಚೆಗೆ ಅದನ್ನು ತೆರೆಯಲು ಹೊರಟೆವು. ಮೊದಲ ತೊಂದರೆ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಪರಿಚಯದವರಿಂದ ಹೊರಗಿನಿಂದ ಜೋಡಿಸುವ ಡ್ರೈವ್ ತಂದೆವು. ಸಿಡಿ ತಿರುಗಿತು, ಫೈಲುಗಳೂ ಕಾಣಿಸಿದವು. ಪ್ರತಿಯೊಂದು ಹೆಸರಿನ ಕೊನೆಗೆ 'ಪಿಸಿಡಿ' ಎಂಬ ಮೂರಕ್ಷರ. ಒತ್ತಿದರೆ 'ಈ ಫೈಲ್ ತೆರೆಯಲಾಗದು' ಎಂಬ ಸಂದೇಶ. ಅಂಗಡಿಗೆ ಒಯ್ದರೆ, "ಫೈಲ್ ಕರಪ್ಟ್ ಆಗಿದೆ, ಬಿಸಾಕಿ" ಎಂದರು. ಮನೆಯ ಹುಡುಗನೊಬ್ಬ ಹೆಸರಿನ ಕೊನೆಯ 'ಪಿಸಿಡಿ' ಅಳಿಸಿ 'ಜೆಪಿಜಿ' ಎಂದು ಬರೆದ. ಆಗಲೂ ತೆರೆಯಲಿಲ್ಲ.

ಹೇಗೆ ತೆರೆದೀತು? ದೇವರಾಯನದುರ್ಗವನ್ನೇ ನೋಡಿ. ಅದಕ್ಕೆ ಮೊದಲು ಜಡಕನದುರ್ಗ ಎಂಬ ಹೆಸರಿತ್ತು. ಜಡಕ ಎಂಬ ಪಾಳೆಯಗಾರನಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದುಕೊಂಡ ಮೇಲೆ ಹೆಸರು ಬದಲಾಯಿತು. ಹೆಸರು ಬದಲಾಯಿತೆಂದು ಬೆಟ್ಟದ ಕಲ್ಲು ಬದಲಾಯಿತಾ? ಫೈಲೂ ಹಾಗೆಯೇ. ಹೆಸರು ತಿದ್ದುವುದು ಬೇರೆ, ಒಳಗಿರುವುದನ್ನು ಬೇರೆ ರೂಪಕ್ಕೆ ಪರಿವರ್ತಿಸುವುದು ಬೇರೆ.

ಫೈಲ್ ಹಾಳಾಗಿರಲಿಲ್ಲ. ಅದನ್ನು ಓದಬಲ್ಲ ಕಂಪ್ಯೂಟರ್‌ಗಳು ಕಡಿಮೆಯಾಗಿದ್ದವು, ಅಷ್ಟೇ. ಇದನ್ನು ನಮಗೆ ಬಿಡಿಸಿ ಹೇಳಿದವನು ಒಂದು ಕಾಲದಲ್ಲಿ ನಮ್ಮ ಮದರಸದಲ್ಲಿ ಕಲಿತು, ಈಗ ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ. ಅವನಿಂದ ನಾವು ಕಲಿತದ್ದನ್ನು ಓದುಗರಿಗೂ ಹೇಳುತ್ತೇವೆ.

ಕೊಡಾಕ್ ಕಂಪನಿ 1992ರಲ್ಲಿ 'ಫೋಟೋ ಸಿಡಿ' ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ರೀಲಿನ ಫೋಟೋಗಳನ್ನು ಸ್ಕ್ಯಾನ್ ಮಾಡಿ ಸಿಡಿಗೆ ತುಂಬಿಸುವುದು. ಒಂದು ಸಿಡಿಯಲ್ಲಿ ಸುಮಾರು 100 ಚಿತ್ರ. ಟಿವಿಗೆ ಜೋಡಿಸಿ ನೋಡುವ ಯಂತ್ರವೂ ಬಂದಿತ್ತು. ಅದರ ವಿಶೇಷವೆಂದರೆ ಒಂದೇ ಫೈಲಿನೊಳಗೆ ಒಂದೇ ಚಿತ್ರ ಐದು ಅಳತೆಯಲ್ಲಿ ಇರುತ್ತದೆ. ತೀರಾ ಸಣ್ಣದು 192 ಚುಕ್ಕೆ ಅಗಲ, 128 ಎತ್ತರ. ನಡುವಿನದು 768 ಮತ್ತು 512. ಎಲ್ಲಕ್ಕಿಂತ ದೊಡ್ಡದು 3072 ಮತ್ತು 2048. ಆ ಕಾಲಕ್ಕೆ ಇದು ದೊಡ್ಡ ಸಂಗತಿ. ಬಣ್ಣವನ್ನು ಬರೆದಿಡುವ ಕ್ರಮವೂ ಅದರದ್ದೇ ಬೇರೆ. ಬೆಳಕಿನ ಲೆಕ್ಕ ಒಂದು ಕಡೆ, ಬಣ್ಣದ ಲೆಕ್ಕ ಇನ್ನೊಂದು ಕಡೆ. ಆದರೆ ಈ ವಿದ್ಯೆಯ ಒಳಗುಟ್ಟು ಕಂಪನಿಯ ಕೈಯಲ್ಲೇ ಉಳಿಯಿತು. ಡಿಜಿಟಲ್ ಕ್ಯಾಮೆರಾ ಬಂತು, ರೀಲು ಹೋಯಿತು, ಫೋಟೋ ಸಿಡಿಯೂ ಹೋಯಿತು. 2012ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು.

ಇನ್ನೊಂದು ಸಂಗತಿ ಗಮನಿಸಿ. ಇಂದು ನಮ್ಮೆಲ್ಲರ ಮೊಬೈಲಿನಲ್ಲಿರುವ 'ಜೆಪೆಗ್' ಕ್ರಮವೂ ಅದೇ 1992ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಗಿ ಒಪ್ಪಿತವಾದದ್ದು. ವಯಸ್ಸು ಎರಡಕ್ಕೂ ಒಂದೇ. ಒಂದು ಕಣ್ಮರೆಯಾಯಿತು, ಇನ್ನೊಂದು ಜಗತ್ತನ್ನೇ ತುಂಬಿತು. ಯಾಕೆ? ಜೆಪೆಗ್ ಹೇಗೆ ಕೆಲಸ ಮಾಡುತ್ತದೆ ಎಂಬ ನಿಯಮ ಎಲ್ಲರಿಗೂ ಸಿಗುವಂತೆ ಪ್ರಕಟವಾಗಿತ್ತು. ಯಾರು ಬೇಕಾದರೂ ಅದಕ್ಕೆ ಪ್ರೋಗ್ರಾಂ ಬರೆಯಬಹುದಿತ್ತು. ಬೀಗದ ಕೈ ಊರವರೆಲ್ಲರ ಹತ್ತಿರ ಇದ್ದರೆ ಒಬ್ಬರು ಊರು ಬಿಟ್ಟರೂ ಬಾಗಿಲು ತೆರೆಯುತ್ತದೆ. ಒಬ್ಬರ ಹತ್ತಿರವೇ ಇದ್ದರೆ ಅವರ ದಾರಿ ಕಾಯಬೇಕು.

ಅದೃಷ್ಟಕ್ಕೆ ಫೋಟೋ ಸಿಡಿಯ ಬೀಗವನ್ನು ಕೆಲವರು ಬಿಡುವಿನ ವೇಳೆಯಲ್ಲಿ ಕೂತು ಬಿಚ್ಚಿದ್ದಾರೆ. ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ ಎಂಬವರು 1996ರಲ್ಲಿ ಹೊರತಂದ 'ಇರ್ಫಾನ್‌ವ್ಯೂ' ಮನೆಬಳಕೆಗೆ ಉಚಿತ. ಅದರ ಜೊತೆ ಸಿಗುವ ಪ್ಲಗಿನ್ ಹಾಕಿಕೊಂಡರೆ ಪಿಸಿಡಿ ತೆರೆಯುತ್ತದೆ. ನಾವು ಬೆಟ್ಟ ಹತ್ತಿದ ವರ್ಷವೇ ಅದೂ ಹುಟ್ಟಿತ್ತು! ವಿದ್ಯಾರ್ಥಿ ಅದನ್ನು ಹಾಕಿದ, ಐದು ನಿಮಿಷದಲ್ಲಿ ಉಪ್ಪ ಪರದೆಯ ಮೇಲೆ ನಕ್ಕರು. ಉಮ್ಮ ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಏನೂ ಹೇಳಲಿಲ್ಲ.

ನಮ್ಮ ಮಟ್ಟಿಗೆ ಕೆಲಸ ಮುಗಿದಿತ್ತು. ಆದರೆ ಆ ಹುಡುಗ, "ಉಸ್ತಾದ್, ಇದು 768ರ ಸಣ್ಣ ಚಿತ್ರ. ಒಳಗೆ ದೊಡ್ಡದು ಇದೆ. ಬಿಳಿ ಜಾಗ ಕೂಡ ಸುಟ್ಟ ಹಾಗೆ ಕಾಣ್ತಿದೆ, ಬಣ್ಣ ಸರಿಯಾಗಿ ಬಂದಿಲ್ಲ" ಎಂದ. ಆಮೇಲೆ 'ಪಿಸಿಡಿ ಟು ಜೆಪೆಗ್' ಎಂಬ ಇನ್ನೊಂದು ಉಚಿತ ಸಾಧನ ಹುಡುಕಿ, ಎಲ್ಲ ಚಿತ್ರಗಳನ್ನೂ ದೊಡ್ಡ ಅಳತೆಯಲ್ಲಿ ಹೊರತೆಗೆದ. ಆಗ ಕಂಡದ್ದೇ ಬೇರೆ. ಉಪ್ಪನ ಹಿಂದೆ, ದೂರದಲ್ಲಿ, ವ್ಯಾನಿಗೆ ಒರಗಿ ನಿಂತ ಒಬ್ಬ ಯುವಕ. ಸಣ್ಣ ಚಿತ್ರದಲ್ಲಿ ಅವನು ಒಂದು ಮಸುಕು ಕಲೆ, ಅಷ್ಟೇ. ದೊಡ್ಡದರಲ್ಲಿ ಮುಖ ಸ್ಪಷ್ಟ. ಅವನೂ ನಗುತ್ತಿದ್ದ.

ಅವನು ನಮ್ಮ ವ್ಯಾನ್ ಡ್ರೈವರ್. ಗುಬ್ಬಿ ಕಡೆಯವನು. ಅಂದು ನಮ್ಮ ಜೊತೆಯೇ ಕೂತು ಊಟ ಮಾಡಿದ್ದ. ಆ ಪ್ರವಾಸ ಮುಗಿದು ಎರಡು ವರ್ಷವಾಗಿರಲಿಲ್ಲ, ರಸ್ತೆ ಅಪಘಾತದಲ್ಲಿ ತೀರಿಕೊಂಡ. ಮನೆಯಲ್ಲಿ ಹಾಲು ಕುಡಿಯುವ ಮಗಳಿದ್ದಳು. ತುಮಕೂರಿನ ಹಳೆಯ ಪರಿಚಯದವರಲ್ಲಿ ವಿಚಾರಿಸಿದಾಗ ಆ ಮಗಳು ಮದುವೆಯಾಗಿ ಕುಣಿಗಲ್ ಹತ್ತಿರ ಇದ್ದಾಳೆ ಎಂದು ತಿಳಿಯಿತು. ಫೋನ್ ಮಾಡಿದೆವು. "ನಮ್ಮಪ್ಪಂದು ಒಂದೂ ಫೋಟೋ ಇಲ್ಲ ಸಾರ್. ಲೈಸೆನ್ಸಿನಲ್ಲಿ ಇದ್ದದ್ದು ನೀರು ಬಿದ್ದು ಹೋಗಿತ್ತು. ನಾನು ನೋಡೇ ಇಲ್ಲ" ಎಂದಳು.

ನಾವು ಸುಮ್ಮನಾದೆವು. ಸುಮಾರು ಮೂವತ್ತು ವರ್ಷ ಆ ಮುಖ ನಮ್ಮ ಕಪಾಟಿನಲ್ಲಿ ಸೀರೆಗಳ ನಡುವೆ ಇತ್ತು. ಅಂಗಡಿಯವರ ಮಾತು ಕೇಳಿ ಸಿಡಿ ಬಿಸಾಡಿದ್ದರೆ? ಸಣ್ಣ ಚಿತ್ರ ಕಂಡಷ್ಟಕ್ಕೇ ಸಾಕೆಂದು ಎದ್ದಿದ್ದರೆ? ಪತ್ರಿಕೆಯ ಕನ್ನಡದಲ್ಲಿ 'ಅಮಾನತು' ಎಂದರೆ ಯಾರನ್ನೋ ಕೆಲಸದಿಂದ ತಡೆದು ನಿಲ್ಲಿಸುವುದು. ನಮ್ಮ ಮಾತಿನಲ್ಲಿ ಅಮಾನತ್ ಎಂದರೆ ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿದ ವಸ್ತು. ಆ ಸಿಡಿ ನಮ್ಮ ಹತ್ತಿರ ಎರಡೂ ಅರ್ಥದಲ್ಲಿ ಇತ್ತು. ಅದರಲ್ಲಿ ನಮ್ಮದಲ್ಲದ್ದೂ ಇದೆ ಎಂಬುದೇ ನಮಗೆ ತಿಳಿದಿರಲಿಲ್ಲ.

ಇದು ನಮ್ಮ ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ನಮ್ಮ ಜಮಾಅತ್‌ಗಳ, ಸಂಘಗಳ ಸ್ಮರಣ ಸಂಚಿಕೆಗಳನ್ನು ಪೇಜ್‌ಮೇಕರ್‌ನಲ್ಲಿ ಮಾಡಿಸಿದ್ದೆವಲ್ಲ, ಆ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಆ ಫೈಲುಗಳನ್ನು ಇವತ್ತು ತೆರೆಯುವವರು ಯಾರು? ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಲೇಖನ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದು ಎಲ್ಲರ ಅನುಭವ. ಅಕ್ಷರ ಅಲ್ಲೇ ಇದೆ, ಓದುವ ಕೈ ಇಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನ ಉಚಿತವಾಗಿ ಸಿಗುತ್ತದೆ. ನಾವು ಕೂತು ಮಾಡುವುದಿಲ್ಲ.

ಮಾಡಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದ್ದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಹಳೆಯ ಕನ್ನಡ ಪುಸ್ತಕಗಳೂ ಸ್ಕ್ಯಾನ್ ಆದವು. ಆದರೆ ಪುಸ್ತಕ ಸಿಗುತ್ತಿದ್ದದ್ದು ಪುಟಕ್ಕೊಂದು 'ಟಿಫ್' ಚಿತ್ರವಾಗಿ. ನೋಡಲು ಬ್ರೌಸರಿಗೆ ಬೇರೆ ಪ್ಲಗಿನ್ ಬೇಕಿತ್ತು, ಒಂದೊಂದು ಪುಟಕ್ಕೂ ಕಾಯಬೇಕಿತ್ತು. ಮುಂದೆ ಆ ತಾಣವೇ ನಿಂತುಹೋಯಿತು. ಅಷ್ಟರೊಳಗೆ ಆ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಸಾಗಿಸಿ, ಇಡೀ ಪುಸ್ತಕ ಒಂದೇ ಪಿಡಿಎಫ್ ಆಗಿ ಸಿಗುವಂತೆ ಮಾಡಿದ್ದರಿಂದ ಇವತ್ತು ಹಳ್ಳಿಯ ಹುಡುಗಿಯೂ ಮೊಬೈಲಿನಲ್ಲಿ ಓದುತ್ತಾಳೆ. ಸರಿಯಾದ ಹೊತ್ತಿಗೆ ಸಾಗಿಸಿದ್ದು ಉಳಿಯಿತು, ಇಷ್ಟೇ ಪಾಠ.

ಕಾಗದ ಈ ವಿಷಯದಲ್ಲಿ ಉಪಕಾರಿ. ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಬಗ್ಗೆ ಮಾಡಿದ ಸಮೀಕ್ಷೆ 1942-43ರಲ್ಲಿ ಅಚ್ಚಾಯಿತು. ಎಂಬತ್ತು ವರ್ಷ ದಾಟಿದರೂ ಪುಟ ತಿರುಗಿಸಿ ಓದಬಹುದು, ಅದಕ್ಕೆ ಯಾವ ಪ್ಲಗಿನ್ನೂ ಬೇಡ. ಮೂವತ್ತು ವರ್ಷದ ನಮ್ಮ ಚಿನ್ನದ ಸಿಡಿಗೆ ಎರಡು ಪ್ರೋಗ್ರಾಂ, ಒಂದು ಡ್ರೈವ್, ಒಬ್ಬ ಇಂಜಿನಿಯರಿಂಗ್ ಹುಡುಗ ಬೇಕಾಯಿತು. ನೂರು ವರ್ಷ ಇರುತ್ತದೆ ಎಂದ ಭಾವನ ಮಾತು ಸಿಡಿಯ ಮಟ್ಟಿಗೆ ಸುಳ್ಳಾಗಲಿಕ್ಕಿಲ್ಲ. ಅದನ್ನು ಓದುವ ಯಂತ್ರದ ಆಯುಸ್ಸನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಕೆಲಸ ದೊಡ್ಡದೇನಲ್ಲ. ಮೊದಲನೆಯದಾಗಿ, ತೆರೆಯದ ಫೈಲನ್ನು ಹಾಳಾಗಿದೆ ಎಂದು ಬಿಸಾಡಬೇಡಿ. ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರ ನೋಡಿ, ಅದು ಯಾವ ರೂಪ ಎಂದು ತಿಳಿದವರಲ್ಲಿ ಕೇಳಿ. ಎರಡನೆಯದಾಗಿ, ಮೂಲ ಫೈಲನ್ನು ಮುಟ್ಟದೆ ಹಾಗೇ ಕಂಪ್ಯೂಟರಿಗೆ ನಕಲು ಮಾಡಿ, ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯಲಿ. ಮೂರನೆಯದಾಗಿ, ತೆರೆದುಕೊಂಡ ಚಿತ್ರ ಪೂರ್ತಿ ಅಳತೆಯದ್ದೇ ಎಂದು ಖಚಿತ ಮಾಡಿಕೊಳ್ಳಿ. ಕಾದಿಡಲು ಟಿಫ್, ಹಂಚಲು ಜೆಪೆಗ್. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೆಯೇ ಹೋಗುತ್ತದೆ. ನಾಲ್ಕನೆಯದಾಗಿ, ಒಂದೇ ಕಡೆ ಇಡಬೇಡಿ. ಮನೆಯಲ್ಲೊಂದು, ತವರಿನಲ್ಲೊಂದು, ಗಲ್ಫಿನಲ್ಲಿರುವ ಮಗನ ಹತ್ತಿರ ಒಂದು ಇರಲಿ. ಮುಖ್ಯವಾದ ಹತ್ತು ಚಿತ್ರಗಳನ್ನಾದರೂ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ವರ್ಷ ಬರೆಯಿರಿ. ಮತ್ತೆ ನಾಲ್ಕೈದು ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡಿ.

ಮದರಸದ, ಕಾಲೇಜಿನ ಮಕ್ಕಳು ದಿನವಿಡೀ ಮೊಬೈಲಿನಲ್ಲಿ ಇರುತ್ತಾರೆಂದು ಬೈಯುವವರು ನಾವೇ. ಅದೇ ಮಕ್ಕಳ ಕೈಗೆ ಈ ಕೆಲಸ ಕೊಟ್ಟು ನೋಡಿ. ರಜೆಯಲ್ಲಿ ಒಂದು ವಾರ ಪ್ರತಿ ಮೊಹಲ್ಲಾದಲ್ಲಿ ನಾಲ್ಕು ಹುಡುಗರು, ನಾಲ್ಕು ಹುಡುಗಿಯರು ಕೂತರೆ ಎಷ್ಟೋ ಮನೆಗಳ ಸಿಡಿ, ಹಳೆಯ ಮೆಮೊರಿ ಕಾರ್ಡು, ಸಂಘದ ಫೈಲುಗಳು ಓದುವಂತಾಗುತ್ತವೆ. ಖರ್ಚು ಬಹಳವಿಲ್ಲ. ಅಜ್ಜ ಅಜ್ಜಿಯರ ಪಕ್ಕ ಕೂತು, "ಇವರು ಯಾರು, ಅವರು ಯಾರು" ಎಂದು ಕೇಳುವ ನೆಪವೂ ಆಗುತ್ತದೆ. ಹೆಸರು ಹೇಳಬಲ್ಲವರು ಇನ್ನೆಷ್ಟು ದಿನ ನಮ್ಮ ಜೊತೆ ಇರುತ್ತಾರೆ?

ಕುಣಿಗಲ್‌ನ ಆ ಹೆಣ್ಣುಮಗಳಿಗೆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ನಾವೇ ಒಯ್ದು ಕೊಟ್ಟೆವು. ಉಪ್ಪನನ್ನು ಕತ್ತರಿಸಿ ತೆಗೆದು ಅವಳ ಅಪ್ಪನನ್ನು ಮಾತ್ರ ಇಡಬಹುದಿತ್ತು. "ಬೇಡ ಸಾರ್, ಅವರೂ ಇರಲಿ. ಇಬ್ಬರೂ ನಗ್ತಾ ಇದಾರಲ್ಲ" ಎಂದಳು. ಪಕ್ಕದಲ್ಲಿದ್ದ ಅವಳ ಮಗ ಚಿತ್ರಕ್ಕೆ ಬೆರಳಿಟ್ಟು, "ಇವರಲ್ಲಿ ನಮ್ಮ ತಾತ ಯಾರು?" ಎಂದು ಕೇಳಿದ. ಅವಳು ತೋರಿಸಿದಳು.